ಗೊರವಂಕಗಳಿಗೆ ಇಟ್ಟ ಎಡೆ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಎರಡು ಮಣ್ಣಿನ ಮನೆ, ಒಂದು ಅಡುಗೆಮನೆ, ಹಿಂದೊಂದು ಹಿತ್ತಲು. ಅಷ್ಟೇ.

ಅಲ್ಲಿದ್ದವರು ಗುರುಪಾದಜ್ಜ. ಸುತ್ತಲಿನ ಊರವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಮಾತು ಕಡಿಮೆ, ಕೆಮ್ಮು ಜಾಸ್ತಿ.

ಶಿಷ್ಯನ ಹೆಸರು ಮುರಿಗೆಪ್ಪ. ಊರಲ್ಲಿ ಬಟ್ಟೆ ಅಂಗಡಿ ಇತ್ತು, ಮನೆಯಲ್ಲಿ ಹೆಂಡತಿ ಇದ್ದಳು. ಎರಡನ್ನೂ ಬಿಟ್ಟು ಬಂದಿದ್ದ. ಇಲ್ಲಿಗೆ ಬರುವ ಮುಂಚೆ ಬೇರೆ ಮಠಗಳಲ್ಲೂ ಇದ್ದು ನೋಡಿದ್ದ. ಒಂದರಲ್ಲಿ ಮೈಕಿನ ಕಾಟ, ಇನ್ನೊಂದರಲ್ಲಿ ಪಕ್ಕದವನ ಗೊರಕೆಯ ಕಾಟ. ಶಾಂತಿ ಹುಡುಕುವ ಮನುಷ್ಯನಿಗೆ ಕಾಟಗಳಿಗೇನು ಬರ!

"ಇಲ್ಲಿ ಬಾಳ ಶಾಂತ ಐತ್ರಿ ಅಜ್ಜಾರ," ಎಂದು ಬಂದ ದಿನವೇ ಕಾಲಿಗೆ ಬಿದ್ದಿದ್ದ. "ನನಗ ಉಪದೇಶ ಕೊಡ್ರಿ."

"ಕೊಡೂಣು," ಎಂದಿದ್ದರು ಅಜ್ಜಾರು. "ಮುಂಜಾನೆ ಬಿಸಿಲು ಬಿದ್ದಕೂಡ್ಲೆ ಹಿತ್ತಲದಾಗ ಬೇವಿನ ಗಿಡದ ಬುಡಕ ಕುಂದ್ರು. ಹೊತ್ತು ನೆತ್ತಿ ಮ್ಯಾಲೆ ಬರೂತನಕ ಏಳಬ್ಯಾಡ. ಹಂಗ ಕುಂತ ದಿನ ಬಾ."

"ಅಷ್ಟ ಏನ್ರಿ?"

"ಅಷ್ಟ."

ಅಷ್ಟು ಸಣ್ಣ ಕೆಲಸ ಮುಗಿಯಲೇ ಇಲ್ಲ. ಒಂದು ದಿನ ಇರುವೆ ಕಚ್ಚಿತು. ಒಂದು ದಿನ ಅಡುಗೆಮನೆಯ ಹೊಗೆ ಬಂತು. ಇನ್ನೊಂದು ದಿನ ಕಾಲು ಜೋಮು ಹಿಡಿಯಿತು. ಹೀಗೆಯೇ ಮೂರು ವರ್ಷ ಕಳೆದವು.

ಈ ಸಲ ಯುಗಾದಿಯ ದಿನ ಅಜ್ಜಾರು ಎಲ್ಲರೆದುರು ಒಂದು ಮಾತು ಹೇಳಿದರು. "ಕಾರಹುಣ್ಣಿಮಿ ಆತಂದ್ರ ನಾ ಮೌನಕ್ಕ ಕುಂದ್ರಾಂವ. ಆಮ್ಯಾಲೆ ಯಾರಿಗೂ ಉಪದೇಶ ಇಲ್ಲ."

ಮರುದಿನದಿಂದ ಮುರಿಗೆಪ್ಪ ಬೇವಿನ ಬುಡವನ್ನು ಗುಡಿಸಿ, ನೀರು ಚಿಮುಕಿಸಿ, ಚಾಪೆ ಹಾಸಿ ಕೂತ.

ಆಗಲೇ ಗೊರವಂಕಗಳು ಬಂದವು.

ಮೊದಲು ಒಂದು ಜೋಡಿ ಬಂತು. ಹಳದಿ ಕಾಲು, ಹಳದಿ ಮೂತಿ, ಊರಗೌಡರ ಹಾಗೆ ನಡಿಗೆ. ಮರುದಿನ ನೆಂಟರನ್ನು ಕರೆತಂದವು. ವಾರ ಕಳೆಯುವುದರೊಳಗೆ ಹಿತ್ತಲ ಗೋಡೆ, ಪೇರಲ ಗಿಡ, ಅಡುಗೆಮನೆಯ ಹೆಂಚು ಎಲ್ಲವೂ ಅವುಗಳದೇ. ಬೆಳಕು ಹರಿಯುವ ಮುಂಚೆ ಶುರುವಾದ ಜಗಳ ಕತ್ತಲಾದರೂ ಮುಗಿಯುತ್ತಿರಲಿಲ್ಲ.

ಬೇವಿನ ಪೊಟರೆಯಲ್ಲಿ ಒಂದು ಜೋಡಿ ಮಡಿವಾಳ ಹಕ್ಕಿ ಗೂಡು ಮಾಡಿತ್ತು. ಕಪ್ಪು ಬಿಳುಪಿನ ಸಣ್ಣ ಹಕ್ಕಿ, ನಸುಕಿನಲ್ಲಿ ಬಹಳ ಚೆನ್ನಾಗಿ ಹಾಡುವಂಥದ್ದು. ಗೊರವಂಕಗಳು ಪೊಟರೆಗೆ ನುಗ್ಗಿ ಅದರ ಹುಲ್ಲನ್ನೆಲ್ಲ ಕಿತ್ತು ಹೊರಗೆ ಎಸೆದವು. ಹುಲ್ಲಿನ ಹಿಂದೆ ಮೊಟ್ಟೆಗಳೂ ಬಿದ್ದವು. ಒಂದು ಮುರಿಗೆಪ್ಪನ ಚಾಪೆಯ ಮೇಲೇ ಒಡೆಯಿತು.

ಅವನಿಗೆ ಸಿಟ್ಟು ನೆತ್ತಿಗೇರಿತು. ಹಾಳು ಎಣ್ಣೆ ಡಬ್ಬಿಯೊಂದನ್ನು ಹುಡುಕಿ ತಂದು, ಕೋಲಿನಿಂದ ಬಡಿಯತೊಡಗಿದ.

ಹಕ್ಕಿಗಳು ಹಾರಿದವು. ಅವನು ಕೂತ. ಹಕ್ಕಿಗಳೂ ಬಂದು ಕೂತವು.

ಕವಣೆ ಹೊಸೆದ. ಕಲ್ಲು ಹಕ್ಕಿಗೆ ತಾಗದೆ ಅಡುಗೆಮನೆಯ ಹೆಂಚು ಒಡೆಯಿತು. ತನ್ನದೇ ಹಳೆಯ ಅಂಗಿಗೆ ಹುಲ್ಲು ತುಂಬಿ ಬೆದರುಬೊಂಬೆ ನಿಲ್ಲಿಸಿದ. ಸಂಜೆಯ ಹೊತ್ತಿಗೆ ಅದರ ತಲೆಯ ಮೇಲೆ ಗೊರವಂಕವೊಂದು ಆರಾಮಾಗಿ ಕೂತು ಮೈ ಕೆರೆದುಕೊಳ್ಳುತ್ತಿತ್ತು.

ಅಡುಗೆಯ ನಿಂಬೆವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಬಂದಳು.

"ಮುರಿಗೆಪ್ಪಣ್ಣಾ, ಹಕ್ಕಿ ಗದ್ದಲ ಹ್ಯಾಂಗರ ತಡಕೊಂತೀನಿ. ನಿನ್ನ ಡಬ್ಬಿ ಗದ್ದಲಕ್ಕ ನನ್ನ ತಲಿ ಸಿಡ್ಯಾಕತ್ತೈತಿ ನೋಡಪಾ."

"ಇವು ಹೋಗೂತನಕ ನಾ ಬಿಡಾಂವಲ್ಲಬೇ."

ಮಠಕ್ಕೆ ಬಂದು ಒಂದು ಗಳಿಗೆ ಸುಮ್ಮನೆ ಕೂತು ಹೋಗುತ್ತಿದ್ದ ಜನ ಬರುವುದನ್ನು ಬಿಟ್ಟರು. ಡಬ್ಬಿಯ ಸದ್ದು ಹೊಳೆಯ ಆಚೆ ದಂಡೆಗೂ ಕೇಳುತ್ತಿತ್ತು.

ಕೊನೆಗೆ ಮುರಿಗೆಪ್ಪ ಅಜ್ಜಾರ ಮುಂದೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ಅಜ್ಜಾರ, ನಾ ಕುಂದ್ರೂದು ಹ್ಯಾಂಗ್ರಿ? ಕಾರಹುಣ್ಣಿಮಿ ಸಮೀಪ ಬಂತು. ಈ ಹಾಳ ಹಕ್ಕಿ ನನ್ನ ಜನ್ಮಾನ ಕೆಡಸಾಕತ್ತಾವ."

"ಯಾರು ಕರದ್ರು ಅವನ್ನ?"

"ಯಾರ್ ಕರೀತಾರ್ರಿ? ತಾವ ಬಂದಾವ."

"ಕರೀದ ಬರಾಕ ಅವು ನಿನ್ನಂಥಾವಲ್ಲ ಬಿಡು," ಎಂದು ಅಜ್ಜಾರು ಕೆಮ್ಮಿದರು. "ನಡಿ, ನೋಡೂಣು."

ಮಠದಲ್ಲಿ ಒಂದು ಪದ್ಧತಿ ಇತ್ತು. ಮಧ್ಯಾಹ್ನ ಊಟಕ್ಕೆ ಕೂಡುವ ಮುಂಚೆ ಹಿತ್ತಲ ಕಲ್ಲಿನ ಮೇಲೆ ಹಕ್ಕಿಗಳಿಗೆಂದು ಒಂದು ತುತ್ತು ಅನ್ನ ಇಡುತ್ತಿದ್ದರು. ಅದಕ್ಕೆ ಎಡೆ ಎನ್ನುತ್ತಿದ್ದರು. ಆ ಸೇವೆಯನ್ನು ಮುರಿಗೆಪ್ಪ ಯುಗಾದಿಯಂದು ತಾನೇ ಕೇಳಿ ವಹಿಸಿಕೊಂಡಿದ್ದ.

ಅಂದೂ ಸ್ನಾನ ಮಾಡಿ, ಮಡಿಯುಟ್ಟು, ಬುಟ್ಟಿ ಹಿಡಿದು ಬಂದ. ಅಜ್ಜಾರು ಆಗಲೇ ಬಂದು ಕಲ್ಲಿನ ಪಕ್ಕದಲ್ಲಿ ಕೂತಿದ್ದರು. ತೊಡೆಯ ಮೇಲೆ ಎಣ್ಣೆ ಡಬ್ಬಿ ಇತ್ತು.

ಮುರಿಗೆಪ್ಪ ಕಣ್ಣು ಮುಚ್ಚಿ, ಕೈ ಮುಗಿದು, ಬುಟ್ಟಿಯ ಅನ್ನವನ್ನೆಲ್ಲ ಕಲ್ಲಿನ ಮೇಲೆ ಸುರಿದ. ಗೋಡೆಯಿಂದ, ಗಿಡದಿಂದ, ಹೆಂಚಿನಿಂದ ಗೊರವಂಕಗಳು ಧುಮುಕಿದವು. ಒಂದರ ಮೇಲೊಂದು ಬಿದ್ದು ಕಚ್ಚಾಡಿದವು.

ಅಜ್ಜಾರು ಡಬ್ಬಿಯನ್ನು ಅವನ ಕೈಗೆ ಕೊಟ್ಟರು.

"ಬಡಿ."

"ಈಗ ಹ್ಯಾಂಗ್ರಿ ಅಜ್ಜಾರ? ಈಗ ಎಡಿ ಹೊತ್ತು."

"ಮುಂಜಾನೆ ಬಡದಿ?"

"ಅದು ಬ್ಯಾರೆ ಅಲ್ರಿ. ಅವಾಗ ಇವು ಕಾಟ ಕೊಡತಿದ್ದುವು."

"ಇವು ಬ್ಯಾರೆ ಹಕ್ಕಿ ಏನು?"

ಮುರಿಗೆಪ್ಪ ಡಬ್ಬಿ ಹಿಡಿದು ನಿಂತ. ಹಕ್ಕಿಗಳನ್ನು ನೋಡಿದ, ಖಾಲಿ ಬುಟ್ಟಿಯನ್ನು ನೋಡಿದ. ಮೂರು ವರ್ಷ ಗಲ್ಲಾಪೆಟ್ಟಿಗೆಯಿಂದ ದೂರವಿದ್ದರೂ ಇಷ್ಟು ಲೆಕ್ಕ ತಿಳಿಯದಷ್ಟು ದಡ್ಡನೇನೂ ಅವನಲ್ಲ. ಆದರೆ ಎಡೆ ಇಡುವುದು ದೇವರ ಕೆಲಸ, ಹಕ್ಕಿ ಓಡಿಸುವುದು ಹಿತ್ತಲ ಕೆಲಸ. ಎರಡನ್ನೂ ಒಂದೇ ಕಡೆ ಇಟ್ಟು ನೋಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಮಠದ ಪದ್ಧತಿ ಎಷ್ಟು?" ಅಜ್ಜಾರು ಕೇಳಿದರು.

"ಒಂದು ತುತ್ತ್ರಿ."

"ನೀ ಎಷ್ಟು ಇಡ್ತಿ?"

"ಒಂದು ಬುಟ್ಟಿ," ಎಂದ ಮುರಿಗೆಪ್ಪ, ತಲೆ ತಗ್ಗಿಸಿ. "ಪುಣ್ಯ ಜಾಸ್ತಿ ಬಂದ್ರ ಲಗೂನ ಉಪದೇಶ ಸಿಗಬಹುದಂತ ಇಟ್ಟೀನ್ರಿ."

"ಪುಣ್ಯ ಬಂದಿಲ್ಲ. ಹಕ್ಕಿ ಬಂದಾವ." ಅಜ್ಜಾರು ಗೋಡೆ ಹಿಡಿದು ಎದ್ದರು. "ನಾಳಿಂದ ಒಂದು ತುತ್ತು ತಗೊಂಡು ಹೊಳಿಗೆ ಹಾಕು. ಮೀನ ತಿಂತಾವ. ಅವು ಕೂಗೂದಿಲ್ಲ."

ಹಾಗೇ ಆಯಿತು. ಗೊರವಂಕಗಳು ಎರಡು ದಿನ ಕಲ್ಲಿನ ಮೇಲೆ ನಿಂತು ಬಾಯಿಗೆ ಬಂದಂತೆ ಬೈದವು. ಆಮೇಲೆ ಗುಂಪು ಕರಗಿತು. ಕೊನೆಗೆ ಪೊಟರೆಗೆ ನುಗ್ಗಿದ್ದ ಜೋಡಿಯೂ ಬೇರೆ ಕಡೆ ಹಾರಿಹೋಯಿತು.

ಹಿತ್ತಲು ಸುಮ್ಮನಾಯಿತು. ಒಂದು ಬೆಳಿಗ್ಗೆ ಮಡಿವಾಳ ಹಕ್ಕಿ ಬಾಯಲ್ಲಿ ಹುಲ್ಲೆಳೆ ಕಚ್ಚಿಕೊಂಡು ಪೊಟರೆಯ ಬಾಯಿಗೆ ಬಂತು. ಒಳಗೆ ಇಣುಕಿತು. ಇನ್ನೊಂದು ಎಳೆ ತರಲು ಹೋಯಿತು.

"ಇನ್ನೇನಪಾ ಮುರಿಗೆಪ್ಪಣ್ಣಾ, ಕುಂತ್ಕೋ ಇನ್ನ ಆರಾಮಾಗಿ," ಎಂದಳು ನಿಂಬೆವ್ವ.

ಕೂತ. ಕಣ್ಣು ಮುಚ್ಚಿದ. ಗಾಳಿಯಿಲ್ಲ, ಹೊಗೆಯಿಲ್ಲ, ಇರುವೆಯೂ ಇಲ್ಲ.

ಸ್ವಲ್ಪ ಹೊತ್ತಿಗೇ ಕಣ್ಣು ತೆರೆದ. ಗೋಡೆಯ ಮೇಲೆ ಗೊರವಂಕ ಇರಬಹುದೇ ಎಂದು ನೋಡಿದ. ಇರಲಿಲ್ಲ. ಮತ್ತೆ ಮುಚ್ಚಿದ. ಮತ್ತೆ ತೆರೆದ. ಎದ್ದು ಹೋಗಿ ಬೆದರುಬೊಂಬೆಯ ತೋಳು ಸರಿಮಾಡಿದ. ಡಬ್ಬಿ ಎಲ್ಲಿದೆಯೆಂದು ಹುಡುಕಿ, ಚಾಪೆಯ ಪಕ್ಕ ತಂದಿಟ್ಟುಕೊಂಡ. ಹೆಂಚಿನ ಕಡೆ ಹೋಗಿ ಬಂದ. ಹೊತ್ತು ಇನ್ನೂ ಮಾರುದ್ದ ಏರಿರಲಿಲ್ಲ.

ಮರುದಿನವೂ ಅದೇ ಕಥೆ. ಅದರ ಮರುದಿನ ಕೂತಲ್ಲೇ ಬೆವರಿದ. ಅನ್ನ ಸೇರದಾಯಿತು. ಗದ್ದಲವಿದ್ದಾಗ ಸಿಟ್ಟಾದರೂ ಬರುತ್ತಿತ್ತು, ಕೈಗೊಂದು ಕೆಲಸ ಇರುತ್ತಿತ್ತು. ಈಗ ಮುರಿಗೆಪ್ಪನಿಗೆ ಹೆದರಿಕೆಯಾಗುತ್ತಿತ್ತು.

ಕಾರಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ, ನಿಂಬೆವ್ವ ನೀರಿಗೆ ಹೋದ ಹೊತ್ತು ನೋಡಿ ಅಡುಗೆಮನೆಗೆ ಹೋದ. ರಾತ್ರಿ ಉಳಿದ ಅನ್ನ ಗಡಿಗೆಯಲ್ಲಿತ್ತು. ಒಂದು ಮುಷ್ಟಿ ತೆಗೆದುಕೊಂಡು, ಆಚೀಚೆ ನೋಡುತ್ತ ಹಿತ್ತಲ ಕಲ್ಲಿನ ಹತ್ತಿರ ಬಂದ.

ದೂರದ ಗಿಡದಲ್ಲಿದ್ದ ಒಂಟಿ ಗೊರವಂಕ ಹಾರಿ ಬಂದು ಗೋಡೆಯ ಮೇಲೆ ಕೂತಿತು. ಕೊರಳು ಓರೆ ಮಾಡಿ ಅವನ ಕೈಯನ್ನೇ ನೋಡಿತು.

"ಎಡಿ ಹೊತ್ತು ಇನ್ನಾ ಆಗಿಲ್ಲಲೋ ತಮ್ಮಾ."

ಅಜ್ಜಾರು ಹೊಳೆಯಿಂದ ಬಂದಿದ್ದರು. ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮುರಿಗೆಪ್ಪ ಮುಷ್ಟಿ ಬಿಗಿ ಹಿಡಿದ. ಬೆರಳ ಸಂದಿಯಿಂದ ಅನ್ನ ಹೊರಬಂತು.

"ಯಾರಿಗದು?"

"ಹಕ್ಕಿಗ್ರಿ."

"ಆ ಸಣ್ಣ ಹಕ್ಕಿ ಮತ್ತ ಗೂಡು ಕಟ್ಟೇತಿ. ಕಂಡೀಯೇನು?"

"ಕಂಡೀನ್ರಿ."

"ಕಂಡೂ ಇವನ್ನ ಕರಿಯಾಕ ಬಂದಿ. ಓಡಸಾಕ ಯಾರೂ ಇಲ್ಲಂತ ಚಡಪಡಿಸಾಕತ್ತಿಯೇನು?"

ಮುರಿಗೆಪ್ಪ ಅಲ್ಲೇ ಮಣ್ಣಲ್ಲಿ ಕುಸಿದು ಕೂತ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಕುಂದ್ರಾಕ ಆಗವಲ್ದ್ರಿ ಅಜ್ಜಾರ. ಹಕ್ಕಿ ಇದ್ದಾಗ ಹಕ್ಕೀದಷ್ಟ ಕೇಳತಿತ್ತು."

"ಈಗೇನು ಕೇಳತೈತಿ?"

ಗೋಡೆಯ ಮೇಲಿನ ಹಕ್ಕಿ ಕಾದು ಬೇಸತ್ತು ಹಾರಿಹೋಯಿತು.

"ನನ್ನ ಹೇಣ್ತಿ ನೀಲವ್ವಂದು ಒಂದ ಮಾತು ಕೇಳತೈತ್ರಿ."

"ಬೈತಾಳೇನು?"

"ಬೈದಿದ್ರ ಚಲೋ ಇತ್ರಿ. ನಾ ಮನಿ ಬಿಟ್ಟ ದಿನ ಆಕೀಗೆ ಗೊತ್ತಿರಲಿಲ್ಲ. ಅಂಗಡಿಗೆ ಹೊಂಟಾಂವನಂಗ ಹೊರಬಿದ್ದೆ. ಆಕಿ ರೊಟ್ಟಿ ಬಡಿಯಾಕತ್ತಿದ್ಲು. ಹಿಟ್ಟಿನ ಕೈಲೆ ಬಾಗಲಕ ಬಂದು, 'ಮಧ್ಯಾಹ್ನ ಊಟಕ್ಕ ಬರ್ತೀರೇನ್ರಿ' ಅಂದ್ಲು."

"ನೀ ಏನಂದಿ?"

"ಬರ್ತೀನಿ ಅಂದ್ನಿರಿ."

ಮುರಿಗೆಪ್ಪ ಅಜ್ಜಾರ ಕಾಲು ಹಿಡಿದುಕೊಂಡ. ಅಳು ತಡೆಯಲಾಗಲಿಲ್ಲ. "ನಾಳೆ ಹುಣ್ಣಿಮಿ. ಆ ಮಾತು ಓಡಸೂವಂಥಾ ಉಪದೇಶ ಕೊಟ್ಟಬಿಡ್ರಿ ಅಜ್ಜಾರ. ನಿಮ್ಮ ಕಾಲಿಗೆ ಬೀಳ್ತೀನಿ."

ಅಜ್ಜಾರು ಬಾಗಿ ಅವನ ಮುಷ್ಟಿ ಬಿಡಿಸಿದರು. ಅಂಗೈಗೆ ಅಂಟಿದ್ದ ಅನ್ನವನ್ನು ತಮ್ಮ ಒದ್ದೆ ಪಂಚೆಯ ಅಂಚಿನಿಂದ ಒರೆಸಿದರು. ಆಮೇಲೆ ನಿಧಾನವಾಗಿ ಮಠದ ಮುಂಬಾಗಿಲಿಗೆ ಹೋದರು.

ಬರುವಾಗ ಅವರ ಕೈಯಲ್ಲಿ ಮುರಿಗೆಪ್ಪನ ಚಪ್ಪಲಿ ಇದ್ದವು.

"ಅಯ್ಯಯ್ಯೋ, ಅಜ್ಜಾರ, ನನ್ನ ಚಪ್ಪಲಿ ನೀವು ಹಿಡಿಯೂದಾ!"

ಅಜ್ಜಾರು ಚಪ್ಪಲಿಗಳನ್ನು ಅವನ ಕಾಲ ಮುಂದೆ, ಊರಿನ ದಾರಿಯ ಕಡೆಗೆ ಮುಖ ಮಾಡಿ ಇಟ್ಟರು.

ಮುರಿಗೆಪ್ಪ ಚಪ್ಪಲಿಗಳನ್ನೇ ನೋಡಿದ.

"ಆಕಿ ಬಾಗಲಾ ತಗೀದಿದ್ರ ಏನ್ ಮಾಡ್ಲಿರಿ?"

"ತಗಿಯೂದು ಬಿಡೂದು ಆಕೀಗೆ ಸೇರಿದ್ದು. ಬರ್ತೀನಿ ಅಂದಾಂವ ನೀ. ಏಳು, ಊಟಕ್ಕ ಬಾಳ ತಡಾ ಆಗೇತಿ."