ಒದ್ದೆಯಿಲ್ಲದ ಹನಿ

ಅದರ ಹೆಸರು ಜಲಜ... ಜಲಜಾ ಅಲ್ಲ, ಜಲಜಾ ನನ್ನ ನಾದಿನಿ. ಜಲಚರವೂ ಅಲ್ಲ, ಅದು ಮೀನು. ನಾಲಿಗೆಯ ತುದಿಯಲ್ಲೇ ಇದೆ. ಇರಲಿ ಮೃಣಾಲಿ, ಪೆನ್ಸಿಲ್ ಹಿಡಿದೇ ಇರು, ಕಥೆ ಹೇಳುತ್ತ ಹೋದರೆ ಹೆಸರು ತಾನಾಗಿ ಬಂದೀತು.

ಭೂಮಿ ಇನ್ನೂ ಹಸುಗೂಸಾಗಿದ್ದ ಕಾಲ. ನೀರವ್ವನ ಕಿರಿಮಗಳು ಹನಿ, ಬಿರುಕಿನಲ್ಲಿ ಇಣುಕುತ್ತ ಇಣುಕುತ್ತ ನೆಲದಾಳಕ್ಕೆ ಇಳಿದುಬಿಟ್ಟಳು. ಅಲ್ಲಿ ಕಬ್ಬಿಣದ ಕಲ್ಲಪ್ಪ ಕೂತಿದ್ದ.

"ಬಾ ತಂಗಿ. ಇಲ್ಲಿ ಉಸಿರು ಕಟ್ಟುತ್ತದೆ. ನಿನ್ನದು ಒಂಚೂರು ಕೊಡು."

ಹನಿ ಪಾಪ, ಕೊಟ್ಟಳು. ಒಂಚೂರು ಎಂದವನು ಪೂರ್ತಿ ಎಳೆದುಕೊಂಡ. ಎಳೆದುಕೊಂಡು ತುಕ್ಕು ಹಿಡಿದು ಕೆಂಪಾದ. ನೀನು ಇನ್ನೂ ನೋಡದ ನನ್ನ ತವರು ಸೊಂಡೂರಿನ ಕೆಂಪು ಮಣ್ಣೆಲ್ಲ ಅವನ ವಂಶವೇ.

ಉಸಿರು ಹೋದ ಮೇಲೆ ಉಳಿದ ಹನಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ತೂಕವಿಲ್ಲ. ಅವಳೋ, ಅದೋ, ಅದಕ್ಕೇ ಗೊತ್ತಿಲ್ಲ. "ಅವ್ವಾ!" ಎಂದು ಕೂಗಿತು.

ನೀರವ್ವ ಸುತ್ತ ತಡವಿದಳು. "ಯಾರದು? ನನ್ನ ಮಗಳು ಒದ್ದೆ ಇರುತ್ತಾಳೆ. ನೀನು ಒಣಗಿದ್ದೀಯಲ್ಲ!"

ಅದು ಅಳಲು ಹೊರಟಿತು. ಕಣ್ಣೀರಿಗೂ ನೀರು ಬೇಕಲ್ಲ, ಬರಲಿಲ್ಲ.

ಯುಗಯುಗಗಳ ಕಾಲ ಮೇಲೆ ಮೇಲೆ ತೂರಿ, ನಮ್ಮ ಕಾಲಕ್ಕೆ ನೆಲದ ಹತ್ತಿರ ಬಂದು ಹುಲ್ಲಿನ ಬೇರನ್ನು ಕೇಳಿತು, "ನಾನು ಯಾರು?"

"ಯಾರಾದರಾಗು, ಮೊದಲು ದೂರ ಸರಿ!" ಎನ್ನುತ್ತಲೇ ಹುಲ್ಲು ಒಣಗಿತು. ಅಲ್ಲಿ ನೆಲ ದುಂಡಗೆ ಬೋಳಾಯಿತು.

ಗಾಳಿಯನ್ನು ಕೇಳಿತು, "ನಾನು ಯಾರು?"

"ನನಗೇನು ಗೊತ್ತು? ನನ್ನ ಜೊತೆ ಮೇಲೆ ಮಾತ್ರ ಬರಬೇಡ ತಾಯಿ. ಆಕಾಶಕ್ಕೆ ಆಗಲೇ ಜ್ವರ, ನೀನು ಬಂದರೆ ಇನ್ನಷ್ಟು ಏರುತ್ತದೆ. ಬೆಂಕಿಯನ್ನು ಕೇಳು."

ಬೆಂಕಿ ಕೆಮ್ಮುತ್ತ ಕೂತಿತ್ತು. "ಕಟ್ಟಿಗೆ ತಿಂದರೂ ಹೊಗೆ, ಕಲ್ಲಿದ್ದಲು ತಿಂದರೂ ಹೊಗೆ. ಆ ಹೊಗೆ ಹೊದ್ದೇ ಆಕಾಶ ಬೇಯುತ್ತಿದೆ. ನೀನಾದರೂ ಬಾ."

"ಸುಟ್ಟುಬಿಟ್ಟರೆ?"

"ಸುಡದೆ ಮುದ್ದು ಮಾಡಲೇ? ಬೆಂಕಿ ನಾನು!"

ಅದು ಹೋಗಿ ಬೆಂಕಿಗೆ ಬಿತ್ತು. ಗಾಳಿ ಅಯ್ಯೋ ಪಾಪ ಎಂದು ತನ್ನ ಉಸಿರು ಕೊಟ್ಟಿತು. ಭಗ್ಗೆಂದಿತು. ಹೊಗೆಯೇ ಇಲ್ಲ! ಬೆಂಕಿಯ ಅಂಚಿನಿಂದ ಒಂದು ಹನಿ ತೊಟ್ಟಿಕ್ಕಿತು.

ನೀರವ್ವ ಓಡಿಬಂದು ಮುಟ್ಟಿದಳು. "ಒದ್ದೆ! ಇವಳು ನನ್ನ ಮಗಳೇ!"

"ಎಲ್ಲಿಯ ಮಗಳು?" ಎಂದಿತು ಬೆಂಕಿ. "ನೀರು ಹುಟ್ಟಿದ್ದೇ ಅದರಿಂದ. ಅದು ನೀರಿನ ಅಪ್ಪ."

"ಅಜ್ಜಿ, ಮಗಳೋ ಅಪ್ಪನೋ?"

ನನಗೂ ತಿಳಿಯದು ಕಣೇ. ಬಯಲಿನಲ್ಲಿ ಹಸಿರು ಹುಲ್ಲಿನ ನಡುವೆ ದುಂಡಗಿನ ಬೋಳು ನೋಡಿದೆಯಲ್ಲ, ಅಲ್ಲಿ ಇವತ್ತಿಗೂ ಒಣಗಿದ ಹನಿಗಳು ಅವ್ವನನ್ನು ಹುಡುಕುತ್ತ ಮೇಲೇರುತ್ತಿವೆ.

ನೀರಿನ ಅಪ್ಪ... ಅಪ್ಪ ಎಂದರೆ ಜನಕ... ಬಂತು ನೋಡು! ಜಲಜನಕ. ಬೇಗ ಬರೆದುಕೋ ಪುಟ್ಟಿ. ಪಕ್ಕದಲ್ಲೇ, ನೀರವ್ವನಿಗೆ ಬೇಜಾರಾಗದ ಹಾಗೆ, 'ಮಗಳು' ಎಂದೂ ಬರೆ.