ಸುಣ್ಣಗಲ್ಲಿನ ಈಜುಕೊಳ

"ಗುರುಗಳೇ, ನಮ್ಮ ವಿದ್ಯಾರ್ಥಿನಿಲಯಕ್ಕೆ ಬರುವಾಗ ಹುಡುಗರು ಒಳ್ಳೆಯವರೇ. ವರ್ಷ ತುಂಬುವುದರೊಳಗೆ ಕದಿಯುತ್ತಾರೆ, ಬಡಿದಾಡಿಕೊಳ್ಳುತ್ತಾರೆ. ಬೈದೆ, ಹೊಡೆದೆ, ಕೆಲವರನ್ನು ಹೊರಗೂ ಹಾಕಿದೆ. ಇನ್ನೇನು ಮಾಡಲಿ?" ಎಂದು ನಿಲಯ ನಡೆಸುತ್ತಿದ್ದ ಶಿಷ್ಯ ಚನ್ನಮಲ್ಲ ಕೇಳಿದ.

"ನೀನು ಮಾಡಿದ್ದು ಅನ್ಯಾಯ" ಎಂದರು ಗುರುಗಳು. "ಕತೆ ಕೇಳು."

ಒಂದು ಊರಿನಲ್ಲಿ ಮಕ್ಕಳಿಗೆಂದು ಈಜುಕೊಳ ಕಟ್ಟಿದರು. ಕಲ್ಲುಗಣಿಯ ವ್ಯಾಪಾರಿಯೊಬ್ಬ ತೀರಿಹೋದ ತನ್ನ ತಂದೆಯ ಹೆಸರಿನಲ್ಲಿ ಕಲ್ಲು ದಾನ ಕೊಟ್ಟ. ನೆಲಕ್ಕೂ ಗೋಡೆಗೂ ಅದೇ ಕಲ್ಲು, ನುಣುಪಾದ ಸುಣ್ಣಗಲ್ಲು. ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ನೀರು ಬಿಟ್ಟರು. ಊರೆಲ್ಲ ಆ ಕಲ್ಲಿಗೆ ಕೈಮುಗಿಯಿತು.

ಕೊಳ ನೋಡಿಕೊಳ್ಳಲು ಒಬ್ಬ ಈಜುಗಾರನಿದ್ದ. ಬಿಟ್ಟಾಗ ತಿಳಿಯಾಗಿದ್ದ ನೀರು ಬರಬರುತ್ತ ಗಂಜಿಯ ಹಾಗೆ ಬೆಳ್ಳಗಾಯಿತು. ಕ್ರಿಮಿ ಸಾಯಲೆಂದು ಹಾಕಿದ ಬ್ಲೀಚಿಂಗ್ ಪುಡಿಗೆ ಕಸುವೇ ಇಲ್ಲದಾಯಿತು. ಮಕ್ಕಳ ಕಣ್ಣು ಕೆಂಪಾದವು. "ನೀರು ಕೆಟ್ಟಿದೆ, ಆಸಿಡ್ ಹಾಕು" ಎಂದ ವ್ಯಾಪಾರಿ. ಈಜುಗಾರ ಹಾಕಿದ. ನೀರು ತಿಳಿಯಾಯಿತು. ವಾರ ಕಳೆಯುವುದರೊಳಗೆ ಮತ್ತೆ ಕದಡಿತು. ಇನ್ನಷ್ಟು ಹಾಕಿದ. ಆಸಿಡ್ ಕಲ್ಲನ್ನು ತಿಂದಿತು. ಕರಗಿದ ಕಲ್ಲು ಸುಣ್ಣವಾಗಿ ನೀರಿಗಿಳಿಯಿತು. ಸುಣ್ಣ ಏರಿದ ನೀರು ಮತ್ತೆ ಬೆಳ್ಳಗಾಯಿತು.

ನುಣ್ಣಗಿದ್ದ ನೆಲ ಉಪ್ಪುಕಾಗದದ ಹಾಗೆ ಒರಟಾಯಿತು. ಈಜುಗಾರನ ಅಂಗಾಲಿಗೆ ಅದು ದಿನವೂ ತಿಳಿಯುತ್ತಿತ್ತು. ಪೂಜೆಗೊಂಡ ಕಲ್ಲನ್ನು ಕೆಟ್ಟದ್ದು ಅನ್ನುವವರು ಯಾರು? ಅವನು ಕಾಲು ಒರೆಸಿಕೊಂಡು ಸುಮ್ಮನಿದ್ದ.

ಒಂದು ಮಧ್ಯಾಹ್ನ ಹುಡುಗಿಯೊಬ್ಬಳು ಮುಳುಗಿದಳು. ತಳ ಕಾಣಲಿಲ್ಲ. ಈಜುಗಾರ ಧುಮುಕಿದ. ಕಣ್ಣು ಬಿಟ್ಟರೆ ಬಿಳುಪು, ಮುಚ್ಚಿದರೆ ಕಪ್ಪು. ಕೈಯಾಡಿಸಿದ, ಕಾಲಾಡಿಸಿದ. ದಡದಲ್ಲಿ ಅವಳ ತಾಯಿ ಕೂಗುತ್ತಲೇ ಇದ್ದಳು. ಕೊನೆಗೆ ಜಡೆ ಕೈಗೆ ಸಿಕ್ಕಿತು. ಹುಡುಗಿ ಕೆಮ್ಮಿದಳು, ಅತ್ತಳು, ಬದುಕಿದಳು.

ವ್ಯಾಪಾರಿ ಓಡಿ ಬಂದ. ಈಜುಗಾರ ಅಂದು ಬಾಯಿಬಿಟ್ಟ.

"ಧಣಿಗಳೇ, ತಪ್ಪು ನೀರಿನದಲ್ಲ. ಕಲ್ಲು ಕರಗುತ್ತಿದೆ. ಕೊಳ ಬರಿದು ಮಾಡಿ ಕಲ್ಲು ಕೀಳಿಸಿ."

"ಕರಗುವುದಕ್ಕೆ ಅದೇನು ಬೆಲ್ಲವೇನೋ?"

"ನಿಮ್ಮ ಭಟ್ಟಿಯಲ್ಲಿ ಸುಟ್ಟು ಸುಣ್ಣ ಮಾಡುವುದು ಇದೇ ಕಲ್ಲಲ್ಲವೇ?"

ವ್ಯಾಪಾರಿಯ ಮುಖ ಬಿಗಿಯಿತು. ಅವನಿಗೆ ಗೊತ್ತಿತ್ತು. "ನಮ್ಮಪ್ಪನ ಹೆಸರಿನ ಕಲ್ಲಿಗೆ ಹಾರೆ ಹಾಕಿಸುತ್ತೀಯಾ? ನೀರಿಗೆ ಬುದ್ಧಿ ಕಲಿಸಲಾರದವನು ನನಗೆ ಕಲಿಸಲು ಬಂದ! ಸುರಿ."

ಈಜುಗಾರ ಗೊತ್ತಿದ್ದೂ ಆಸಿಡ್ ಸುರಿದ. ಮರುದಿನ ನೀರು ಗಾಜಿನಂತಿತ್ತು. ತಾಯಂದಿರು ನಂಬಿ ಮಕ್ಕಳನ್ನು ಇಳಿಸಿದರು. ಕೆಲವು ದಿನಗಳ ಮೇಲೆ ನೀರು ಮತ್ತೆ ಬೆಳ್ಳಗಾಯಿತು. ಇನ್ನೊಂದು ಮಗು ಮುಳುಗಿತು. ಈಜುಗಾರ ಧುಮುಕಿದ, ತಡಕಿದ, ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿ ತಡಕಿದ. ಮಗು ಸಿಕ್ಕಿತು. ತಡವಾಗಿ ಸಿಕ್ಕಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನಮಲ್ಲ ಮುಷ್ಟಿ ಬಿಗಿಹಿಡಿದಿದ್ದ.

"ಎಂಥ ಪಾಪಿಗಳು! ಸತ್ತವನ ಹೆಸರು ಉಳಿಯಲೆಂದು ಮಗುವನ್ನು ಕೊಂದರಲ್ಲ! ನೀರನ್ನು ದಂಡಿಸುತ್ತ ಕೂರುವ ಬದಲು ಆ ಕಲ್ಲನ್ನು ಮೊದಲೇ ಕಿತ್ತೆಸೆಯಬೇಕಿತ್ತು."

"ನಿನ್ನ ನಿಲಯದ ಊಟದ ಮನೆಯಲ್ಲಿ ಉಳ್ಳವರ ಮಕ್ಕಳಿಗೆ ಬಿಸಿ ಅನ್ನದ ಸಾಲು, ಇಲ್ಲದವರ ಮಕ್ಕಳಿಗೆ ಉಳಿದದ್ದರ ಸಾಲು ಎಂದು ಪದ್ಧತಿ ಹಾಕಿಕೊಟ್ಟವರು ನಿಮ್ಮ ತಂದೆ. ಏಳು, ಇವತ್ತಿನ ಊಟಕ್ಕೇ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸು."