ಚುರುಕಿಯ ಖಾಲಿ ಮಣೆ

ಲೋಕ ಆಗಷ್ಟೇ ಹೊಸದು. ಸೂರ್ಯನಿಗೆ ಮುಳುಗುವುದೂ ಸರಿಯಾಗಿ ಬಾರದಿದ್ದ ಕಾಲ. ಆಗ ಮರಳಿನೊಳಗೆ ಸಿಲಿಕಾನಜ್ಜಿಯ ಮನೆಯಿತ್ತು. ಒಳಗೊಂದು ಕೋಣೆ, ಹೊರಗೊಂದು ಕೋಣೆ, ನಡುವೆ ಒಂದು ಹೊಸ್ತಿಲು.

ಒಳಕೋಣೆಯಲ್ಲಿ ಎಲೆಕ್ಟ್ರಾನ್ ಮಕ್ಕಳು ಸಾಲಾಗಿ ಊಟಕ್ಕೆ ಕೂತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಮಣೆ. ಪಂಕ್ತಿಯಲ್ಲಿ ಯಾರಾದರೂ ಎದ್ದರೆ ಪಕ್ಕದವರು ಆ ಮಣೆಗೆ ಸರಿದು ಕೂರಬೇಕೆಂದು ಅಜ್ಜಿಯ ಕಟ್ಟಪ್ಪಣೆ.

ಚುರುಕಿ ಎಂಬ ಪುಟ್ಟ ಎಲೆಕ್ಟ್ರಾನ್ ಇನ್ನೇನು ಮೊದಲ ತುತ್ತು ಬಾಯಿಗಿಡಬೇಕು, ಧಡ್! ಬಿಸಿಲಪ್ಪ ನುಗ್ಗಿ ಬಂದು ಅವಳನ್ನು ಎಬ್ಬಿಸಿಯೇ ಬಿಟ್ಟ.

"ಏಯ್! ಊಟಕ್ಕೆ ಕೂತವರನ್ನ ಎಬ್ಬಿಸ್ತಾರೇನೋ?"

ತಿರುಗಿ ನೋಡಿದರೆ ಅವನೇ ಇಲ್ಲ. ತನ್ನ ಕಸುವನ್ನೆಲ್ಲ ಅವಳಿಗೆ ಕೊಟ್ಟು ಮಾಯವಾಗಿದ್ದ. ಜಗಳವಾಡೋಣವೆಂದರೂ ಆಸಾಮಿ ಸಿಗಲಿಲ್ಲ.

ಆ ಕಸುವಿಗೆ ಚುರುಕಿ ಮುಗ್ಗರಿಸಿ, ಹೊಸ್ತಿಲು ದಾಟಿ ಹೊರಕೋಣೆಗೆ ಬಿದ್ದಳು. ವಾಪಸು ಹೊರಟರೆ ಹೊಸ್ತಿಲು ಬಿಡಲಿಲ್ಲ.

"ಈ ಕಡೆಗೆ ಬರಬಹುದು, ಆ ಕಡೆಗೆ ಹೋಗೋ ಹಾಗಿಲ್ಲಮ್ಮ."

"ನನ್ನ ಮಣೆ ಅಲ್ಲಿದೆ!"

"ಎಲ್ಲಿದೆ? ನೀನೇ ನೋಡು."

ಚುರುಕಿ ಇಣುಕಿದಳು. ಪಕ್ಕದವನು ಅವಳ ಮಣೆಗೆ ಸರಿದಿದ್ದ. ಅವನ ಮಣೆಗೆ ಅವನ ಪಕ್ಕದವಳು. ಹೀಗೆ ಸರಿದು ಸರಿದು, ಖಾಲಿ ಜಾಗ ಹಿತ್ತಿಲ ಬಾಗಿಲವರೆಗೂ ಹೋಗಿಬಿಟ್ಟಿತ್ತು! ಅವಳು ಒಂದು ಕಡೆ, ಅವಳ ಜಾಗ ಇನ್ನೊಂದು ಕಡೆ.

"ಇದ್ಯಾವ ನ್ಯಾಯ? ಎಬ್ಬಿಸಿದವನು ಪರಾರಿ, ಹಸಿದವಳು ಹೊರಗೆ!"

"ತಾಮ್ರದ ಓಣಿ ಹಿಡಿದು ಸುತ್ತಿ ಬಾ ಮಗಳೇ," ಎಂದು ಅಜ್ಜಿ ಒಳಗಿನಿಂದ ಕೂಗಿದಳು. "ಹಿತ್ತಿಲ ಬಾಗಿಲು ತೆಗೆದೇ ಇದೆ."

ಚುರುಕಿ ಗೊಣಗುತ್ತ ಓಡಿದಳು. ಅವಳ ಹಾಗೇ ಊಟದಿಂದ ಎದ್ದು ಬಂದ ನೂರಾರು ಮಂದಿ ಅವಳ ಹಿಂದೆ ಮುಂದೆ ಓಡಿದರು. ಓಣಿಯ ನಡುವೆ ಗಿರಗಿಟ್ಲೆಯೊಂದು ಅಡ್ಡ ಮಲಗಿ ಗೊರಕೆ ಹೊಡೆಯುತ್ತಿತ್ತು.

"ಹಸಿದವರ ದಾರಿಗೆ ಅಡ್ಡ ಮಲಗ್ತೀಯಾ? ಏಳು!"

ಎಲ್ಲರೂ ಸೇರಿ ನೂಕಿದರು. ಗಿರಗಿಟ್ಲೆ ಗರಗರ ತಿರುಗಿತು, ತಂಪಾಗಿ ಗಾಳಿ ಬೀಸಿತು. ಚುರುಕಿಗೆ ಗಾಳಿಯೂ ಬೇಡ, ಏನೂ ಬೇಡ, ತನ್ನ ಮಣೆಯೊಂದು ಸಿಕ್ಕರೆ ಸಾಕಾಗಿತ್ತು. ಕಸುವೆಲ್ಲ ಸವೆದು, ಏದುಸಿರು ಬಿಡುತ್ತ ಹಿತ್ತಿಲಿನಿಂದ ಒಳಗೆ ಬಂದಳು. ಖಾಲಿ ಮಣೆ ಅವಳಿಗಾಗಿಯೇ ಕಾಯುತ್ತಿತ್ತು. ಕೂತಳು. ತುತ್ತು ಎತ್ತಿದಳು.

ಧಡ್!

"ಮತ್ತೆ ನೀನಾ?"

ಅದಕ್ಕೇ ಮಗು, ಅಜ್ಜಿಯ ಮನೆ ಈಗಿರುವ ಚಾವಣಿಯ ಸೋಲಾರ್ ಪ್ಯಾನೆಲ್ ಮೇಲೆ ಬಿಸಿಲು ಬಿದ್ದರೆ ನಿಮ್ಮ ಫ್ಯಾನು ತಿರುಗುತ್ತದೆ, ದಟ್ಟ ಮೋಡ ಕವಿದರೆ ನಿಲ್ಲುತ್ತದೆ; ನಿಂತಾಗ ಸಿಡುಕಬೇಡ, ಅಷ್ಟು ಹೊತ್ತಾದರೂ ಚುರುಕಿ ಕೂತು ಉಣ್ಣಲಿ.